ಎರಡೂವರೆ ಮಿಲಿಮೀಟರ್ ಹಲಗೆಯ ದನಿ: ಸ್ಪೇನಿನ ಗಿಟಾರ್ ಕುಶಲಕರ್ಮಿಗಳ ಬದುಕು, ಕಸುಬು

ಮಕ್ಕಳಿಗೆ ಗಿಟಾರ್ ಕೊಡಿಸಲು ಅಂಗಡಿಗೆ ಹೋದವರಿಗೆ ಒಂದು ಗೊಂದಲ ಖಂಡಿತ ಎದುರಾಗುತ್ತದೆ. ಗೋಡೆಗೆ ತೂಗುಹಾಕಿದ ಎರಡು ಗಿಟಾರ್‌ಗಳು ನೋಡಲು ಹೆಚ್ಚುಕಮ್ಮಿ ಒಂದೇ ಥರ. ಒಂದಕ್ಕೆ ಕೆಲವು ಸಾವಿರ, ಪಕ್ಕದ್ದಕ್ಕೆ ಅದರ ಹತ್ತು ಪಟ್ಟು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ತಲೆ ಇನ್ನೂ ತಿರುಗುತ್ತದೆ. ಸ್ಪೇನಿನಲ್ಲಿ ಹೆಸರುವಾಸಿ ಕುಶಲಕರ್ಮಿಯೊಬ್ಬರು ಕೈಯಲ್ಲೇ ಮಾಡಿದ ಗಿಟಾರಿಗೆ ಹಲವು ಲಕ್ಷ ರೂಪಾಯಿ. ದುಡ್ಡು ಕೊಟ್ಟರೂ ವರ್ಷಗಟ್ಟಲೆ ಕಾಯಬೇಕು. ಎರಡೂ ಮರದ್ದೇ, ಎರಡಕ್ಕೂ ಆರೇ ತಂತಿ. ಹಾಗಾದರೆ ಇಷ್ಟು ಅಂತರ ಯಾಕೆ?

ಇದು ಬರೀ ಹೆಸರಿನ ಬೆಲೆ ಅಂತ ಅನ್ನಿಸುವುದು ಸಹಜ. ಸ್ವಲ್ಪ ಮಟ್ಟಿಗೆ ನಿಜವೂ ಹೌದು. ಆದರೆ ಬೆಲೆಯ ದೊಡ್ಡ ಪಾಲು ಹೋಗುವುದು ಗಿಟಾರಿನ ಮುಂಭಾಗದ ಒಂದು ತೆಳು ಹಲಗೆಗೆ, ಅದನ್ನು ಎಷ್ಟು ಕೆತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಿರುವ ಕೈಗೆ. ಅದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಯಾವುದನ್ನು ಸ್ಪ್ಯಾನಿಷ್ ಗಿಟಾರ್ ಅನ್ನುತ್ತಾರೆ?

ನಮ್ಮ ಕಡೆ ಈ ಹೆಸರನ್ನು ಸ್ವಲ್ಪ ಸಡಿಲವಾಗಿ ಬಳಸುತ್ತಾರೆ. ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವುದು ಹವಾಯಿಯನ್ ಗಿಟಾರ್. ಎದೆಗೆ ಆನಿಸಿಕೊಂಡು ನುಡಿಸುವುದೆಲ್ಲ ಸ್ಪ್ಯಾನಿಷ್ ಗಿಟಾರ್. ಹಳೇ ಆರ್ಕೆಸ್ಟ್ರಾದವರು ಹೀಗೇ ಹೇಳುತ್ತಿದ್ದರು, ಈಗಲೂ ಅಂಗಡಿಗಳಲ್ಲಿ ಈ ಮಾತು ಕೇಳುತ್ತದೆ.

ಈ ಲೇಖನದಲ್ಲಿ ಹೇಳುತ್ತಿರುವುದು ಸ್ಪೇನಿನ ಪದ್ಧತಿಯಲ್ಲಿ ಕಟ್ಟಿದ ಗಿಟಾರ್ ಬಗ್ಗೆ. ಇದನ್ನು ಕ್ಲಾಸಿಕಲ್ ಗಿಟಾರ್ ಅಂತಲೂ ಕರೆಯುತ್ತಾರೆ. ಇದರ ತಂತಿ ಉಕ್ಕಿನದ್ದಲ್ಲ, ನೈಲಾನ್. ದಪ್ಪ ಸ್ವರದ ಮೂರು ತಂತಿಗಳಿಗೆ ಮಾತ್ರ ಒಳಗೆ ಸಣ್ಣ ಎಳೆಗಳಿದ್ದು, ಮೇಲೆ ಲೋಹದ ಸುತ್ತು ಇರುತ್ತದೆ. ನೈಲಾನ್ ಬರುವ ಮೊದಲು ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿ ಹಾಕುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟಿನ್ ನೈಲಾನ್ ತಂತಿ ತಯಾರಿಸಲು ಶುರು ಮಾಡಿದರು. ಕರುಳಿನ ತಂತಿ ಮೂಲೆಗೆ ಸರಿಯಿತು.

ಇದರ ಕುತ್ತಿಗೆ ಅಗಲ. ವೀಣೆಯಲ್ಲಿ ದಂಡಿ ಎನ್ನುತ್ತೇವಲ್ಲ, ಆ ಭಾಗ. ನುಡಿಸುವುದು ಬೆರಳು ಮತ್ತು ಉಗುರಿನಿಂದ, ಪ್ಲಾಸ್ಟಿಕ್ ಚೂರಿನಿಂದಲ್ಲ.

ಸದ್ದು ಹುಟ್ಟುವುದು ಎಲ್ಲಿ?

ತಂತಿಯಲ್ಲಿ ಅಂತ ಥಟ್ಟನೆ ಹೇಳಿಬಿಡುತ್ತೇವೆ. ಅದು ಅರ್ಧ ಉತ್ತರ ಅಷ್ಟೇ. ತಂತಿ ತೀರಾ ಸಣ್ಣದು. ಅದು ಎಷ್ಟೇ ಅಲುಗಾಡಿದರೂ ಸುತ್ತಲಿನ ಗಾಳಿಯನ್ನು ತಳ್ಳುವುದು ಬಹಳ ಕಮ್ಮಿ. ಮೊಬೈಲನ್ನು ವೈಬ್ರೇಟ್‌ಗೆ ಹಾಕಿ ಕೈಯಲ್ಲಿ ಹಿಡಿದುಕೊಳ್ಳಿ, ಸದ್ದು ಅಷ್ಟಾಗಿ ಕೇಳುವುದಿಲ್ಲ. ಅದನ್ನೇ ಮರದ ಮೇಜಿನ ಮೇಲಿಡಿ, ಇಡೀ ಮೇಜು ಗುಂಯ್ ಅನ್ನುತ್ತದೆ. ಮೊಬೈಲ್ ಅದೇ, ಅದರ ಶಕ್ತಿಯೂ ಅಷ್ಟೇ. ಆದರೆ ಈಗ ಗಾಳಿಯನ್ನು ತಳ್ಳುತ್ತಿರುವುದು ಅಗಲವಾದ ಹಲಗೆ.

ಗಿಟಾರಿನಲ್ಲಿ ಆ ಕೆಲಸ ಮಾಡುವುದು ಮುಂಭಾಗದ ಮೇಲು ಹಲಗೆ. ತಂತಿಯ ಅಲುಗಾಟವನ್ನು ಹಲಗೆಗೆ ದಾಟಿಸುವುದು ಅದರ ಮೇಲೆ ಅಂಟಿಸಿದ ಕುದುರೆ, ಅಂದರೆ ತಂತಿಗಳನ್ನು ಕಟ್ಟುವ ಮರದ ಪಟ್ಟಿ. ಹಲಗೆ ಅಲುಗಾಡಿದಾಗ ಡಬ್ಬಿಯೊಳಗಿನ ಗಾಳಿಯೂ ಕಂಪಿಸುತ್ತದೆ, ಮಧ್ಯದ ದುಂಡು ಬಾಯಿಯಿಂದ ಒಳಗೂ ಹೊರಗೂ ಆಡುತ್ತದೆ. ತಗ್ಗಿನ ಸ್ವರಗಳಿಗೆ ತುಂಬು ಬರುವುದು ಇದರಿಂದ.

ಕಷ್ಟ ಇರುವುದು ಇಲ್ಲೇ. ಹಲಗೆ ತೆಳುವಾದಷ್ಟೂ ಸುಲಭವಾಗಿ ಅಲುಗಾಡುತ್ತದೆ, ದನಿ ಬೇಗ ಏಳುತ್ತದೆ. ಆದರೆ ಶ್ರುತಿ ಮಾಡಿದ ಆರು ನೈಲಾನ್ ತಂತಿಗಳೂ ಸೇರಿ ಅದನ್ನು ಸುಮಾರು 40 ಕೆ.ಜಿ. ಬಲದಲ್ಲಿ ಎಳೆಯುತ್ತಿರುತ್ತವೆ, ಹಗಲೂ ರಾತ್ರಿ, ವರ್ಷಾನುಗಟ್ಟಲೆ. ಜಾಸ್ತಿ ತೆಳುವಾದರೆ ಹಲಗೆ ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ. ಜಾಸ್ತಿ ದಪ್ಪವಾದರೆ ಗಟ್ಟಿಮುಟ್ಟಾಗಿರುತ್ತದೆ, ಆದರೆ ದನಿ ಸತ್ತುಹೋಗುತ್ತದೆ. ಇವೆರಡರ ನಡುವೆ ಒಂದು ಜಾಗ ಇದೆ. ಪ್ರತಿ ಹಲಗೆಗೂ ಆ ಜಾಗ ಬೇರೆ ಬೇರೆ. ಅದನ್ನು ಹುಡುಕುವುದೇ ಈ ಕಸುಬು.

ತೊರ್ರೆಸ್: ಬಡಗಿಯಾಗಿ ಬಂದು ದಾರಿ ತೋರಿದವರು

ಇವತ್ತು ಜಗತ್ತಿನಲ್ಲಿ ಯಾವುದೇ ಕ್ಲಾಸಿಕಲ್ ಗಿಟಾರ್ ಕೈಗೆತ್ತಿಕೊಂಡರೂ ಅದರಲ್ಲಿ ಒಬ್ಬ ಮನುಷ್ಯನ ಕೈಗುರುತು ಇರುತ್ತದೆ. ಅವರು ಆಂತೋನಿಯೊ ದೆ ತೊರ್ರೆಸ್. 1817ರಲ್ಲಿ ದಕ್ಷಿಣ ಸ್ಪೇನಿನ ಅಲ್ಮೆರಿಯಾ ಊರಿನ ಪಕ್ಕದ ಲಾ ಕಾನ್ಯಾದಾ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಹನ್ನೆರಡನೇ ವಯಸ್ಸಿಗೆ ಬಡಗಿಯ ಬಳಿ ಕೆಲಸ ಕಲಿಯಲು ಸೇರಿದರು. ಚಿಕ್ಕ ವಯಸ್ಸಿಗೇ ಮದುವೆಯಾಯಿತು. ಸಾಲ, ಬಡತನ, ಮಕ್ಕಳ ಸಾವು. ಹೆಂಡತಿ ಕ್ಷಯದಿಂದ ತೀರಿಕೊಂಡಾಗ ಆಕೆಗೆ 23 ವರ್ಷ. ಆಮೇಲೆ ತೊರ್ರೆಸ್ ಸೆವಿಲ್ ನಗರಕ್ಕೆ ಹೋಗಿ ನೆಲೆಸಿದರು.

ಸೆವಿಲ್ ಆಗ ಗಿಟಾರ್ ಮಾಡುವವರಿಗೆ ಹೆಸರಾದ ಊರು. ಅಲ್ಲಿ ಗಿಟಾರ್ ಕೆಲಸ ಹಿಡಿದ ತೊರ್ರೆಸ್ ಅವರಿಗೆ, ಇದನ್ನೇ ಪೂರ್ತಿ ಕಸುಬು ಮಾಡಿಕೊಳ್ಳಿ ಎಂದು ಹುರಿದುಂಬಿಸಿದವರು ಹುಲಿಯಾನ್ ಅರ್ಕಾಸ್. ಅರ್ಕಾಸ್ ಆ ಕಾಲದ ದೊಡ್ಡ ವಾದಕ, ಅಲ್ಮೆರಿಯಾ ಸೀಮೆಯವರೇ. ದೊಡ್ಡ ಸಭೆಗಳಲ್ಲಿ ನುಡಿಸುವವರಿಗೆ ದೊಡ್ಡ ದನಿ ಬೇಕಿತ್ತು. ಆಗಿನ ಗಿಟಾರ್‌ಗಳು ಚಿಕ್ಕವು, ಹಿಂದಿನ ಸಾಲಿನವರಿಗೆ ಕೇಳಿಸುತ್ತಿರಲಿಲ್ಲ.

ತೊರ್ರೆಸ್ ಡಬ್ಬಿಯನ್ನು ದೊಡ್ಡದು ಮಾಡಿದರು. ಮೇಲು ಹಲಗೆಯನ್ನು ತೆಳುವಾಗಿಸಿ, ಸ್ವಲ್ಪ ಉಬ್ಬು ಕೊಟ್ಟರು. ಆ ತೆಳುವಿಗೆ ಬಲ ಬರಲು ಒಳಗಡೆ ಸಣ್ಣ ಮರದ ಪಟ್ಟಿಗಳನ್ನು ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿ ಅಂಟಿಸಿದರು. ಸಾಮಾನ್ಯವಾಗಿ ಏಳು ಪಟ್ಟಿ, ಕೆಳಗೆ ಅವುಗಳನ್ನು ಮುಚ್ಚುವಂತೆ ಓರೆಯಾಗಿ ಇನ್ನೆರಡು. ಬೀಸಣಿಗೆ ಪಟ್ಟಿ ಅವರದೇ ಕಲ್ಪನೆ ಅಂತ ಹಲವೆಡೆ ಬರೆದಿರುತ್ತಾರೆ, ಅದು ಸರಿಯಲ್ಲ. ಸೆವಿಲ್ ಮತ್ತು ಕಾದಿಸ್‌ನ ಕುಶಲಕರ್ಮಿಗಳು 18ನೇ ಶತಮಾನದಲ್ಲೇ ಅದನ್ನು ಬಳಸುತ್ತಿದ್ದರು. ಹಲಗೆಯ ದಪ್ಪ, ಉಬ್ಬು, ಪಟ್ಟಿಗಳ ಜಾಗ, ಡಬ್ಬಿಯ ಅಳತೆ ಇವೆಲ್ಲ ಒಂದಕ್ಕೊಂದು ಒಪ್ಪುವಂತೆ ಕೂಡಿಸಿದ್ದು ತೊರ್ರೆಸ್ ಅವರ ಹೆಚ್ಚುಗಾರಿಕೆ.

1858ರಲ್ಲಿ ಸೆವಿಲ್‌ನ ವಸ್ತುಪ್ರದರ್ಶನದಲ್ಲಿ ಅವರ ಗಿಟಾರಿಗೆ ಕಂಚಿನ ಪದಕ ಬಂತು. ನನಗೆ ಅದಕ್ಕಿಂತ ಹೆಚ್ಚು ಮುಖ್ಯ ಅನ್ನಿಸುವುದು 1862ರಲ್ಲಿ ಅವರು ಮಾಡಿದ ಒಂದು ಪ್ರಯೋಗ. ಆ ಗಿಟಾರಿನ ಮೇಲು ಹಲಗೆ ಒಳ್ಳೇ ಮರದ್ದು. ಆದರೆ ಹಿಂಬದಿ ಮತ್ತು ಪಕ್ಕಗಳನ್ನು ರಟ್ಟಿನಿಂದ ಮಾಡಿದ್ದರು! ದನಿಯ ಬಹುಪಾಲು ಮೇಲು ಹಲಗೆಯದ್ದು, ಮಿಕ್ಕಿದ್ದಕ್ಕೆ ಎರಡನೇ ಸ್ಥಾನ ಎಂದು ಕೈಯಲ್ಲೇ ಮಾಡಿ ತೋರಿಸಿದ ಹಾಗಾಯಿತು. ಈ ರಟ್ಟಿನ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ಮ್ಯೂಸಿಯಮ್ಮಿನಲ್ಲಿದೆ.

ಹದಿಹರೆಯದ ಹುಡುಗನೊಬ್ಬ 1869ರಲ್ಲಿ ತೊರ್ರೆಸ್ ಬಳಿ ಗಿಟಾರ್ ಕೊಳ್ಳಲು ಬಂದ. ಮೊದಲು ಸಾಧಾರಣವಾದ ಒಂದನ್ನು ತೋರಿಸಿದ ತೊರ್ರೆಸ್, ಅವನು ನುಡಿಸುವುದನ್ನು ಕೇಳಿದ ಮೇಲೆ ತಮಗೆಂದೇ ಇಟ್ಟುಕೊಂಡಿದ್ದ 1864ರ ಗಿಟಾರನ್ನು ತಂದುಕೊಟ್ಟರು ಎನ್ನುತ್ತಾರೆ. ಆ ಹುಡುಗ ಫ್ರಾನ್ಸಿಸ್ಕೊ ತಾರ್ರೆಗಾ. ಹೆಸರು ಕೇಳಿಲ್ಲದಿದ್ದರೂ ಅವರ ರಾಗ ನೀವು ಕೇಳಿಯೇ ಇದ್ದೀರಿ. ಹಳೇ ನೋಕಿಯಾ ಫೋನಿನ ರಿಂಗ್‌ಟೋನ್ ಅವರ ಕೃತಿಯೊಂದರ ತುಣುಕು. ತಾರ್ರೆಗಾ ಮುಂದೆ ಆ ಕಾಲದ ಬಹು ದೊಡ್ಡ ಗಿಟಾರ್ ವಾದಕರಾದರು. ಅವರ ಕೈಯಲ್ಲಿದ್ದ ವಾದ್ಯವನ್ನು ನೋಡಿ ಮಿಕ್ಕವರಿಗೂ ಅಂಥದ್ದೇ ಬೇಕಾಯಿತು.

ಇಷ್ಟೆಲ್ಲ ಆದರೂ ತೊರ್ರೆಸ್ ಅವರ ಹೊಟ್ಟೆಪಾಡು ಸುಲಭವಾಗಲಿಲ್ಲ. 1870ರ ಹೊತ್ತಿಗೆ ಗಿಟಾರ್ ಮಾಡುವುದನ್ನೇ ಬಿಟ್ಟು, ಎರಡನೇ ಹೆಂಡತಿಯ ಜೊತೆ ಅಲ್ಮೆರಿಯಾಕ್ಕೆ ಮರಳಿ ಪಿಂಗಾಣಿ ಸಾಮಾನಿನ ಅಂಗಡಿ ಇಟ್ಟರು. 1875ರಲ್ಲಿ ಮತ್ತೆ ಉಳಿ ಹಿಡಿದರು. ಆಗಿನಿಂದ ಮಾಡಿದ ಗಿಟಾರ್‌ಗಳ ಒಳಗಿನ ಚೀಟಿಯಲ್ಲಿ ‘ಎರಡನೇ ಕಾಲ’ ಎಂದು ಅಚ್ಚು ಹಾಕಿಸಿದರು. 1892ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ನಿಲ್ಲಲಿಲ್ಲ. ಅವರ ಜೀವನವನ್ನು ಹುಡುಕಿ ಬರೆದ ಹೋಸೆ ಲೂಯಿಸ್ ರೊಮಾನಿಯ್ಯೋಸ್ ಕೂಡ ದೊಡ್ಡ ಗಿಟಾರ್ ಕುಶಲಕರ್ಮಿ. ತೊರ್ರೆಸ್ ಒಟ್ಟು ಸುಮಾರು 320 ಗಿಟಾರ್ ಮಾಡಿರಬಹುದು ಎಂದು ಅವರ ಅಂದಾಜು.

ಕೊನೆಯ ವರ್ಷಗಳಲ್ಲಿ ತೊರ್ರೆಸ್ ಅವರಿಗೆ ಕೆಲಸದಲ್ಲಿ ಕೈಜೋಡಿಸುತ್ತಿದ್ದವರು ಹುವಾನ್ ಮಾರ್ತಿನೆಸ್ ಸಿರ್ವೆಂತ್ ಎಂಬ ಪಾದ್ರಿ. ಮುಂದೆ ಎಷ್ಟೋ ವರ್ಷಗಳಾದ ಮೇಲೆ ಅವರು ಒಂದು ಪತ್ರದಲ್ಲಿ ಇದನ್ನೆಲ್ಲ ನೆನೆದು ಬರೆದರು. ನಿಮ್ಮ ಗುಟ್ಟನ್ನು ಯಾರಿಗಾದರೂ ಹೇಳಿಹೋಗಿ ಎಂದು ಕೇಳಿದಾಗ ತೊರ್ರೆಸ್ ಕೊಟ್ಟ ಉತ್ತರ ಅದರಲ್ಲಿದೆ. ಗುಟ್ಟು ಇರುವುದು ನನ್ನ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ, ಹಲಗೆ ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವುದು ಅವೇ, ಅದನ್ನು ಬಿಟ್ಟುಹೋಗಲು ಆಗುವುದಿಲ್ಲ, ಅದು ನನ್ನ ಜೊತೆಗೇ ಮಣ್ಣಿಗೆ ಹೋಗುತ್ತದೆ ಎನ್ನುವ ಅರ್ಥದ ಮಾತು ಅದು.

ಮರ: ಆಲ್ಪ್ಸ್‌ನಿಂದ ಬರುವುದು, ನಮ್ಮ ಘಟ್ಟದಿಂದ ಹೋಗುವುದು

ಬೆರಳ ತುದಿ ಅಳೆಯುವುದು ಏನನ್ನು? ಅದಕ್ಕೆ ಮರದಿಂದ ಶುರು ಮಾಡಬೇಕು.

ಮೇಲು ಹಲಗೆಗೆ ಮೊದಲಿನಿಂದಲೂ ಬಳಸುವುದು ಸ್ಪ್ರೂಸ್. ಯುರೋಪಿನ ಬೆಟ್ಟಗಳಲ್ಲಿ ಬೆಳೆಯುವ ಸೂಜಿ ಎಲೆಯ ಮರ ಇದು. ಚಳಿ ಪ್ರದೇಶದಲ್ಲಿ ನಿಧಾನವಾಗಿ ಬೆಳೆಯುವುದರಿಂದ ಅದರ ವರ್ಷದ ಉಂಗುರಗಳು ಒತ್ತೊತ್ತಾಗಿರುತ್ತವೆ. ತೂಕ ಕಡಿಮೆ, ಆದರೆ ಎಳೆಯ ಉದ್ದಕ್ಕೆ ಬಹಳ ಬಿಗಿ. ಸದ್ದು ಗಾಳಿಯಲ್ಲಿ ಹೋಗುವುದಕ್ಕಿಂತ ಸುಮಾರು ಹದಿನೈದು ಪಟ್ಟು ವೇಗವಾಗಿ ಈ ಮರದ ಎಳೆಯ ಉದ್ದಕ್ಕೆ ಓಡುತ್ತದೆ. ಹಗುರ ಮತ್ತು ಬಿಗಿ ಎರಡೂ ಒಟ್ಟಿಗೆ ಇರುವ ಮರ ಸಿಗುವುದು ಅಪರೂಪ. 1960ರ ದಶಕದಲ್ಲಿ ಮ್ಯಾಡ್ರಿಡ್‌ನಲ್ಲಿ ಗಿಟಾರ್ ಮಾಡುವ ರಾಮಿರೆಸ್ ಮನೆತನದವರು ಅಮೆರಿಕದ ಕೆಂಪು ಸೀಡರ್ ಮರವನ್ನೂ ಬಳಕೆಗೆ ತಂದರು. ಅದರ ದನಿಗೆ ಹೊಸದರಲ್ಲೇ ಒಂದು ಬೆಚ್ಚಗಿನ ಗುಣ ಇರುತ್ತದೆ. ಸ್ಪ್ರೂಸ್ ಹಾಗಲ್ಲ, ನುಡಿಸುತ್ತ ನುಡಿಸುತ್ತ ಬಿಚ್ಚಿಕೊಳ್ಳುತ್ತದೆ ಎನ್ನುತ್ತಾರೆ ವಾದಕರು.

ದಿಮ್ಮಿಯನ್ನು ಹೇಗೆ ಕೊಯ್ಯುತ್ತಾರೆ ಎನ್ನುವುದೂ ಮುಖ್ಯ. ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಕೊಯ್ದರೆ ಮಾತ್ರ ಅದು ಡೊಂಕಾಗದೆ, ಬಿಗಿ ಕಳೆದುಕೊಳ್ಳದೆ ಇರುತ್ತದೆ. ಕೊಯ್ದ ಹಲಗೆಗಳನ್ನು ಗಾಳಿಯಾಡುವಂತೆ ಪೇರಿಸಿ ವರ್ಷಗಳ ಕಾಲ ಒಣಗಲು ಬಿಡುತ್ತಾರೆ. ಅಪ್ಪ ಪೇರಿಸಿಟ್ಟ ಮರದಲ್ಲಿ ಮಗ ಗಿಟಾರ್ ಮಾಡುವುದು ಈ ಮನೆತನಗಳಲ್ಲಿ ಹೊಸದೇನಲ್ಲ.

ಹಿಂಬದಿ ಮತ್ತು ಪಕ್ಕಗಳಿಗೆ ಗಟ್ಟಿ ಮರ ಬೇಕು. ಇಲ್ಲಿ ನಮ್ಮ ಬೀಟೆ, ಅಂದರೆ ರೋಸ್‌ವುಡ್, ಬರುತ್ತದೆ. ಮೊದಲೆಲ್ಲ ಬ್ರೆಜಿಲ್‌ನ ರೋಸ್‌ವುಡ್‌ಗೆ ಬೇಡಿಕೆ ಇತ್ತು. ಆ ಕಾಡು ಬರಿದಾಗುತ್ತ ಬಂತು, 1960ರ ದಶಕದ ಕೊನೆಗೆ ದಿಮ್ಮಿ ಹೊರಗೆ ಹೋಗುವುದೂ ಕಷ್ಟವಾಯಿತು. 1992ರಲ್ಲಿ, ಅಪಾಯದಲ್ಲಿರುವ ಗಿಡಮರ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಆ ಮರ ಸೇರಿತು. ಅದರ ಜಾಗಕ್ಕೆ ಬಂದದ್ದು ದಕ್ಷಿಣ ಭಾರತದ ಬೀಟೆ. ಪಶ್ಚಿಮ ಘಟ್ಟದ ಕಾಡಿನಲ್ಲಿ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳ ನೆರಳಿನ ಮರಗಳ ನಡುವೆ ಬೆಳೆಯುವ ಅದೇ ಬೀಟೆ. ಮೈಸೂರಿನ ಇನ್‌ಲೇ ಕೆಲಸದವರು ಬಣ್ಣ ಬಣ್ಣದ ಮರದ ಚೂರು ಕೂರಿಸುವುದು ಇದರ ಮೇಲೆಯೇ. ಗ್ರನಾಡಾದಲ್ಲೋ ಮ್ಯಾಡ್ರಿಡ್‌ನಲ್ಲೋ ಕಟ್ಟಿದ ಗಿಟಾರಿನ ಬೆನ್ನು ತಿರುಗಿಸಿ ನೋಡಿದರೆ, ನೇರಳೆ ಛಾಯೆಯ ಆ ಕಂದು ಪಟ್ಟೆಗಳು ಮಲೆನಾಡಿನವರಿಗೆ ತಕ್ಷಣ ಗುರುತು ಸಿಗುತ್ತವೆ.

ಬೀಟೆಯೂ ಈಗ ಅಪಾಯದಂಚಿನ ಮರಗಳ ಪಟ್ಟಿಯಲ್ಲಿದೆ. 2017ರ ಜನವರಿಯಿಂದ ರೋಸ್‌ವುಡ್ ಜಾತಿಯ ಎಲ್ಲ ಮರಗಳ ವ್ಯಾಪಾರಕ್ಕೂ ಸೈಟಿಸ್ ಪರವಾನಗಿ ಬೇಕಾಯಿತು. ಗಿಟಾರ್ ಹೊತ್ತು ದೇಶ ದಾಟುವ ವಾದಕರೂ ಕಾಗದಪತ್ರಕ್ಕೆ ಅಲೆಯುವ ಹಾಗಾಯಿತು. 2019ರ ಕೊನೆಗೆ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆದರೆ ಬ್ರೆಜಿಲ್ ಮರದ್ದಕ್ಕೆ ಈ ವಿನಾಯಿತಿ ಇಲ್ಲ.

ದಕ್ಷಿಣ ಸ್ಪೇನಿನ ಹಾಡು, ಕುಣಿತದ ಫ್ಲಮೆಂಕೊ ಸಂಗೀತಕ್ಕೆ ಬಳಸುವ ಗಿಟಾರ್ ಇದೇ ಕುಟುಂಬದ್ದು, ಸ್ವಲ್ಪ ಬೇರೆ ಸ್ವಭಾವ. ಅದರ ಹಿಂಬದಿ, ಪಕ್ಕಗಳಿಗೆ ಸ್ಪೇನಿನಲ್ಲೇ ಬೆಳೆಯುವ ಸೈಪ್ರೆಸ್ ಹಾಕುತ್ತಾರೆ. ಅಗ್ಗದ ಮರ ಅಂತಲೇ ಅದು ಬಳಕೆಗೆ ಬಂದದ್ದು. ಹಗುರವಾದ್ದರಿಂದ ದನಿ ಚುರುಕಾಗಿ ಎದ್ದು ಬೇಗ ಆರುತ್ತದೆ. ನೃತ್ಯದ ಹೆಜ್ಜೆ, ಚಪ್ಪಾಳೆಯ ನಡುವೆ ಆ ಗುಣವೇ ಬೇಕು. ವಾದಕರು ನಡುನಡುವೆ ಉಗುರಿನಿಂದ ಹಲಗೆಗೆ ಬಡಿಯುವುದರಿಂದ ಅಲ್ಲಿ ಒಂದು ತೆಳು ರಕ್ಷಣೆಯ ಹಾಳೆಯನ್ನೂ ಅಂಟಿಸಿರುತ್ತಾರೆ.

ಮುಖ ಕೆಳಗೆ ಮಾಡಿ ಕಟ್ಟುವ ಕ್ರಮ

ಮೇಲು ಹಲಗೆ ಒಂದೇ ತುಂಡಲ್ಲ. ಒಂದೇ ಮರದ ಅಕ್ಕಪಕ್ಕದ ಎರಡು ಸೀಳನ್ನು ಪುಸ್ತಕ ಬಿಡಿಸಿದಂತೆ ತೆರೆದು, ಮಧ್ಯದಲ್ಲಿ ಜೋಡಿಸುತ್ತಾರೆ. ಎರಡರ ಅಂಚನ್ನೂ ಮರ ಹೆರೆಯುವ ಉದ್ದನೆಯ ತೋಪಡದಿಂದ ಹೊಡೆಯುತ್ತಾರೆ, ಒಂದಕ್ಕೊಂದು ತಾಗಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಎಲ್ಲಾದರೂ ಕೂದಲೆಳೆಯಷ್ಟು ಬೆಳಕು ಕಂಡರೆ ಮತ್ತೆ ತೋಪಡ. ಬೆಳಕು ಪೂರ್ತಿ ಮುಚ್ಚಿದ ಮೇಲೆಯೇ ಅಂಟು. ಹಳಬರು ಬಳಸುತ್ತಿದ್ದುದು ಪ್ರಾಣಿಗಳ ಚರ್ಮ, ಮೂಳೆಯಿಂದ ಕಾಯಿಸಿ ತೆಗೆದ ಬಿಸಿ ಮರವಜ್ರ. ಈಗಲೂ ಹಲವರು ಅದನ್ನೇ ಇಷ್ಟಪಡುತ್ತಾರೆ. ಬಿಸಿ ಮತ್ತು ತೇವ ಕೊಟ್ಟರೆ ಅದು ಬಿಟ್ಟುಕೊಳ್ಳುತ್ತದೆ, ಹಾಗಾಗಿ ಐವತ್ತು ವರ್ಷದ ನಂತರವೂ ರಿಪೇರಿ ಸಾಧ್ಯ.

ದುಂಡು ಬಾಯಿಯ ಸುತ್ತ ಬಣ್ಣದ ಬಳೆಯಂಥ ಚಿತ್ತಾರ ಇರುತ್ತದಲ್ಲ, ಅದನ್ನು ಹತ್ತಿರದಿಂದ ನೋಡಬೇಕು. ಅದು ಬಣ್ಣ ಬಳಿದದ್ದಲ್ಲ. ಬಣ್ಣ ಹಾಕಿದ ಮರದ ಸಣ್ಣ ಕಡ್ಡಿಗಳು, ಒಂದೊಂದೂ ಒಂದು ಮಿಲಿಮೀಟರಿಗಿಂತ ಸಣ್ಣ. ನೂರಾರು ಕಡ್ಡಿಗಳನ್ನು ನಮೂನೆಯ ಪ್ರಕಾರ ಸಾಲಾಗಿ ಅಂಟಿಸಿ ಒಂದು ಕಟ್ಟು ಮಾಡುತ್ತಾರೆ. ಆ ಕಟ್ಟನ್ನು ಅಡ್ಡಲಾಗಿ ತೆಳುವಾಗಿ ಕತ್ತರಿಸಿದರೆ ಪ್ರತಿ ಬಿಲ್ಲೆಯಲ್ಲೂ ಅದೇ ಹೂವೋ ಅಲೆಯೋ ಮೂಡುತ್ತದೆ. ನಮಗೆ ಚುಕ್ಕಿಯಾಗಿ ಕಾಣುವುದು ಒಂದೊಂದು ಕಡ್ಡಿಯ ತುದಿ. ಈ ಬಿಲ್ಲೆಗಳನ್ನು ಹಲಗೆಯಲ್ಲಿ ಕೊರೆದ ದುಂಡು ಗಾಡಿಯಲ್ಲಿ, ಅಂದರೆ ಕಿರಿದಾದ ಕಾಲುವೆಯಲ್ಲಿ, ಒಂದರ ಪಕ್ಕ ಒಂದು ಕೂರಿಸಿ ಮಟ್ಟ ಮಾಡುತ್ತಾರೆ. ಪ್ರತಿ ಕಾರ್ಯಾಗಾರಕ್ಕೂ ತನ್ನದೇ ನಮೂನೆ. ಬಿರಡೆಗಳಿರುವ ತಲೆಭಾಗದ ಆಕಾರವೂ ಹಾಗೆಯೇ. ಬಲ್ಲವರು ಚೀಟಿ ಓದದೆ, ತಲೆ ನೋಡಿಯೇ ಯಾರ ಕೈಕೆಲಸ ಎಂದು ಹೇಳುತ್ತಾರೆ.

ಆಮೇಲೆ ಹಲಗೆಯನ್ನು ತೆಳುವಾಗಿಸುವ ಕೆಲಸ. ಮಧ್ಯದಲ್ಲಿ ಸುಮಾರು ಎರಡರಿಂದ ಎರಡೂವರೆ ಮಿಲಿಮೀಟರ್, ಅಂಚಿಗೆ ಹೋದಂತೆ ಇನ್ನೂ ಕಡಿಮೆ. ಅಳತೆ ಕಡ್ಡಿ ಇದ್ದೇ ಇರುತ್ತದೆ, ಆದರೆ ತೀರ್ಮಾನ ಅದರದ್ದಲ್ಲ. ಒಂದೇ ದಪ್ಪದ ಎರಡು ಹಲಗೆಗಳಲ್ಲಿ ಒಂದು ಬಿಗಿ, ಇನ್ನೊಂದು ಮೆದು ಇರಬಹುದು. ಕುಶಲಕರ್ಮಿ ಎರಡು ಕೈಯಲ್ಲಿ ಹಿಡಿದು ಹಲಗೆಯನ್ನು ನವಿರಾಗಿ ಬಾಗಿಸುತ್ತಾರೆ. ಎಳೆಯ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಆಮೇಲೆ ಮೇಲ್ತುದಿಯ ಹತ್ತಿರ ಎರಡು ಬೆರಳಲ್ಲಿ ಹಿಡಿದು ತೂಗುಬಿಟ್ಟು, ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟಿ ಕೇಳುತ್ತಾರೆ. ದಪ್ಪ ಇದ್ದಾಗ ಟಕ್ ಅನ್ನುವ ಸದ್ದು, ತೆಳುವಾಗುತ್ತ ಹೋದಂತೆ ಉದ್ದವಾಗಿ ಗುನುಗುತ್ತದೆ. ಇನ್ನೆರಡು ಸಲ ಕೆರೆದರೆ ಒಳ್ಳೆಯದೋ, ಕೆಡುತ್ತದೋ? ತೆಗೆದ ಮರವನ್ನು ಮತ್ತೆ ಹಚ್ಚಲು ಆಗುವುದಿಲ್ಲ. ತೊರ್ರೆಸ್ ಬೆರಳಿನ ಬಗ್ಗೆ ಹೇಳಿದ್ದು ಈ ಗಳಿಗೆಯನ್ನೇ. ಬೀಸಣಿಗೆ ಪಟ್ಟಿಗಳನ್ನು ಅಂಟಿಸಿದ ಮೇಲೂ ಇದೇ ಪರೀಕ್ಷೆ. ಉಳಿಯಿಂದ ಪಟ್ಟಿ ಸವರುವುದು, ತಟ್ಟಿ ಕೇಳುವುದು, ಮತ್ತೆ ಸವರುವುದು.

ಡಬ್ಬಿ ಜೋಡಿಸುವ ರೀತಿಯಲ್ಲಿ ಸ್ಪೇನಿನವರ ದಾರಿಯೇ ಬೇರೆ. ಉಕ್ಕಿನ ತಂತಿಯ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಡಬ್ಬಿಯನ್ನು ಪೂರ್ತಿ ಮುಗಿಸಿ, ಆಮೇಲೆ ಕುತ್ತಿಗೆ ಸೇರಿಸುತ್ತಾರೆ. ಸ್ಪ್ಯಾನಿಷ್ ಕ್ರಮದಲ್ಲಿ ಕುತ್ತಿಗೆ ಮೊದಲೇ ಬರುತ್ತದೆ. ಸೊಲೆರಾ ಎಂಬ ಮಣೆಯ ಮೇಲೆ ಮೇಲು ಹಲಗೆಯನ್ನು ಮುಖ ಕೆಳಗೆ ಮಾಡಿ ಮಲಗಿಸುತ್ತಾರೆ. ಹಲಗೆಯ ಉಬ್ಬಿಗೆ ತಕ್ಕ ಹಾಗೆ ಮಣೆಯಲ್ಲಿ ಸಣ್ಣ ತಗ್ಗು ಇರುತ್ತದೆ. ಕುತ್ತಿಗೆಯನ್ನು ಹಲಗೆಗೆ ಅಂಟಿಸುತ್ತಾರೆ. ಪಕ್ಕದ ಪಟ್ಟಿಗಳು ಸುಮಾರು ಎರಡು ಮಿಲಿಮೀಟರ್ ದಪ್ಪದ ಬೀಟೆ. ಅವನ್ನು ಒದ್ದೆ ಮಾಡಿ ಬಿಸಿ ಕಬ್ಬಿಣದ ಕೊಳವೆಗೆ ಒತ್ತಿ ಒತ್ತಿ ಸೊಂಟದ ಆಕಾರಕ್ಕೆ ಬಗ್ಗಿಸುತ್ತಾರೆ. ಅವಸರ ಮಾಡಿದರೆ ಚಟ್ ಎಂದು ಮುರಿಯುತ್ತದೆ. ಬಗ್ಗಿದ ಪಟ್ಟಿಗಳ ತುದಿ ಕುತ್ತಿಗೆಯ ಬುಡದಲ್ಲಿ ಕೊಯ್ದಿರುವ ಸೀಳಿನೊಳಗೆ ನೇರವಾಗಿ ಹೋಗಿ ಕೂರುತ್ತದೆ. ಪಕ್ಕ ಮತ್ತು ಹಲಗೆ ಸೇರುವ ಮೂಲೆಯುದ್ದಕ್ಕೂ ಚಿಕ್ಕ ಚಿಕ್ಕ ಮರದ ಗುಳಿಗೆಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಅಂಟಿಸುತ್ತಾರೆ. ಒಂದೇ ಗಿಟಾರಿಗೆ ಇಂಥವು ನೂರಕ್ಕೂ ಹೆಚ್ಚು. ಕೊನೆಗೆ ಬೆನ್ನಿನ ಹಲಗೆ ಮುಚ್ಚುತ್ತಾರೆ. ಅಲ್ಲಿಗೆ ಒಳಗಿನ ಕೆಲಸ ಮುಗಿಯಿತು, ಇನ್ನು ಅಲ್ಲಿಗೆ ಕೈ ಹೋಗುವುದಿಲ್ಲ.

ಮೆಟ್ಟಿನ ಲೆಕ್ಕ

ಕುತ್ತಿಗೆಯ ಮೇಲೆ ಕರಿಮರದ ಹಲಗೆ, ಅದರಲ್ಲಿ ಲೋಹದ ಮೆಟ್ಟುಗಳು, ಅಂದರೆ ತಂತಿಯನ್ನು ಒತ್ತಿ ಸ್ವರ ಬದಲಿಸುವ ಅಡ್ಡ ಪಟ್ಟಿಗಳು. ವೀಣೆಯ ಮೆಟ್ಟುಗಳನ್ನು ಮೇಣದಲ್ಲಿ ಕೂರಿಸಿ ಕಿವಿಯಿಂದ ಸರಿಪಡಿಸುತ್ತಾರೆ. ಗಿಟಾರಿನ ಮೆಟ್ಟನ್ನು ಗರಗಸದಿಂದ ಕೊಯ್ದ ಗಾಡಿಯಲ್ಲಿ ಬಡಿದು ಕೂರಿಸುವುದರಿಂದ ಮೊದಲೇ ಲೆಕ್ಕ ಸರಿ ಇರಬೇಕು.

ತಂತಿಯ ಉದ್ದ ಸಾಮಾನ್ಯವಾಗಿ 650 ಮಿ.ಮೀ. ಈ ಅಳತೆ ನಿಂತದ್ದೂ ತೊರ್ರೆಸ್ ಕಾಲದಿಂದ. ಅರ್ಧಕ್ಕೆ ಒತ್ತಿದರೆ ಮೇಲಿನ ಷಡ್ಜ ಬರುತ್ತದೆ, ಅದು ಹನ್ನೆರಡನೇ ಮೆಟ್ಟು. ನಡುವಿನ ಮೆಟ್ಟುಗಳಿಗೆ, ಉಳಿದ ತಂತಿಯ ಉದ್ದವನ್ನು ಪ್ರತಿ ಸಲವೂ 17.817ರಿಂದ ಭಾಗಿಸಿ ಅಷ್ಟು ಮುಂದೆ ಗುರುತು ಹಾಕಬೇಕು. ಮೊದಲ ಮೆಟ್ಟು ಸುಮಾರು 36.5 ಮಿ.ಮೀ. ದೂರದಲ್ಲಿ ಬೀಳುತ್ತದೆ. ಹಿಂದಿನವರು ಲೆಕ್ಕ ಸುಲಭವಾಗಲಿ ಅಂತ 18ರಿಂದ ಭಾಗಿಸುತ್ತಿದ್ದರು. ಅಲ್ಪ ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಮೆಟ್ಟಿಂದ ಮೆಟ್ಟಿಗೆ ಕೂಡುತ್ತ ಹೋಗಿ, 325 ಮಿ.ಮೀ.ಗೆ ಬರಬೇಕಾದ ಹನ್ನೆರಡನೇ ಮೆಟ್ಟು ಎರಡು ಮಿಲಿಮೀಟರಿಗಿಂತ ಜಾಸ್ತಿ ಹಿಂದೆ ಬೀಳುತ್ತದೆ.

ಅರಗಿನ ಹೊಳಪು

ಕೊನೆಯ ಕೆಲಸ ಪಾಲಿಶ್. ಇಲ್ಲೂ ನಮ್ಮ ನೆಲದ ನಂಟಿದೆ. ಒಳ್ಳೇ ಸ್ಪ್ಯಾನಿಷ್ ಗಿಟಾರಿಗೆ ಹಚ್ಚುವುದು ಅರಗು. ಮುತ್ತುಗದಂಥ ಮರಗಳ ಕೊಂಬೆಯ ಮೇಲೆ ಅರಗಿನ ಹುಳು ಸುರಿಸುವ ಅಂಟು ಅದು. ಜಾರ್ಖಂಡ್, ಛತ್ತೀಸಗಢದ ಕಡೆ ಹೆಚ್ಚಾಗಿ ಬೆಳೆಸುತ್ತಾರೆ, ಅಲ್ಲಿಂದ ಲೋಕಕ್ಕೆಲ್ಲ ಹೋಗುತ್ತದೆ. ಚನ್ನಪಟ್ಟಣದಲ್ಲಿ ಬೊಂಬೆಗೆ ಹಚ್ಚುವುದೂ ಅರಗೇ. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ. ಗಿಟಾರ್ ಮಾಡುವವರು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸುತ್ತಾರೆ. ಉಣ್ಣೆಯ ಉಂಡೆಯನ್ನು ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ, ಅದನ್ನು ದ್ರಾವಣದಲ್ಲಿ ಅದ್ದಿ, ಮೇಲೆ ಒಂದು ತೊಟ್ಟು ಎಣ್ಣೆ ಸವರಿ, ಸುತ್ತು ಸುತ್ತಾಗಿ ಉಜ್ಜುತ್ತಾರೆ. ಕೈ ನಿಲ್ಲಬಾರದು. ನಿಂತರೆ ಬಟ್ಟೆ ಅಲ್ಲೇ ಕಚ್ಚಿಕೊಂಡು ಕಲೆ ಬೀಳುತ್ತದೆ. ಒಂದು ಪದರ ಒಣಗಬೇಕು, ಮತ್ತೊಂದು. ಇದು ವಾರಗಟ್ಟಲೆ ನಡೆಯುವ ಕೆಲಸ.

ಮಷಿನ್ನಿನಲ್ಲಿ ಸಿಂಪಡಿಸುವ ವಾರ್ನಿಶ್ ಬೇಗ ಆಗುತ್ತದೆ, ಗೀರು ತಡೆಯುತ್ತದೆ. ಆದರೂ ಅರಗೇ ಬೇಕೆನ್ನಲು ಕಾರಣ ಅದರ ತೆಳು. ಅಷ್ಟು ಕಷ್ಟಪಟ್ಟು ತೆಳುವಾಗಿಸಿದ ಹಲಗೆಯ ಮೇಲೆ ದಪ್ಪ ವಾರ್ನಿಶ್ ಬಳಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಯಜಮಾನರ ಚೀಟಿ, ಕೆಲಸಗಾರನ ಕೈ

ಈ ಕಸುಬನ್ನು ಕಲಿಯುವುದು ಶಾಲೆಯಲ್ಲಲ್ಲ, ಕಾರ್ಯಾಗಾರದಲ್ಲಿ. ಹುಡುಗನಾಗಿ ಸೇರಿದವನು ಮೊದಲು ಕಸ ಗುಡಿಸಿ, ಅಂಟು ಕಾಯಿಸಿ, ಉಳಿ ಮಸೆಯುತ್ತಾನೆ. ವರ್ಷಗಳು ಕಳೆದ ಮೇಲೆ ಪೂರ್ತಿ ಗಿಟಾರ್ ಕಟ್ಟುವ ಕೆಲಸಗಾರನಾಗುತ್ತಾನೆ. ಆದರೆ ಒಳಗೆ ಅಂಟಿಸುವ ಚೀಟಿಯಲ್ಲಿ ಇರುವುದು ಯಜಮಾನರ ಹೆಸರು.

ಇದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. 20ನೇ ಶತಮಾನದ ಮಹಾ ವಾದಕ ಆಂದ್ರೆಸ್ ಸೆಗೋವಿಯಾ ಇನ್ನೂ ಹೆಸರಿಲ್ಲದ ಹುಡುಗನಾಗಿದ್ದಾಗ ಮ್ಯಾಡ್ರಿಡ್‌ನ ಮನುಯೆಲ್ ರಾಮಿರೆಸ್ ಅವರ ಅಂಗಡಿಗೆ ಹೋಗಿ, ಕಛೇರಿಗೆ ಒಂದು ಗಿಟಾರ್ ಬಾಡಿಗೆಗೆ ಕೊಡಿ ಎಂದು ಕೇಳಿದರು. ನುಡಿಸಿದ್ದನ್ನು ಕೇಳಿದ ರಾಮಿರೆಸ್ ಅದನ್ನು ಹಾಗೇ ಕೊಟ್ಟುಬಿಟ್ಟರು ಎಂದು ಸೆಗೋವಿಯಾ ತಾವೇ ಹೇಳಿಕೊಂಡಿದ್ದಾರೆ. 1912ರ ಆ ಗಿಟಾರನ್ನು ಅವರು ಇಪ್ಪತ್ತೈದು ವರ್ಷ ಲೋಕವೆಲ್ಲ ಸುತ್ತಿ ನುಡಿಸಿದರು. ಅದೀಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಚೀಟಿಯಲ್ಲಿರುವುದು ರಾಮಿರೆಸ್ ಹೆಸರು. ಕಟ್ಟಿದ್ದು ಅವರ ಬಳಿ ಕೆಲಸಕ್ಕಿದ್ದ ಸಾಂತೋಸ್ ಎರ್ನಾಂದೆಸ್. ಯಜಮಾನರು ತೀರಿಕೊಂಡ ಮೇಲೆ ಸಾಂತೋಸ್ ಸ್ವಂತ ಕಾರ್ಯಾಗಾರ ತೆರೆದರು. ಅವರ ಹೆಸರಿನ ಗಿಟಾರ್‌ಗಳಿಗೆ ಇವತ್ತು ದೊಡ್ಡ ಬೆಲೆ ಇದೆ.

ಇಂಥ ಕಾರ್ಯಾಗಾರಗಳು ಈಗಲೂ ಇವೆ. ಗ್ರನಾಡಾದಲ್ಲಿ ಅಲ್ಹಾಂಬ್ರಾ ಅರಮನೆಗೆ ಹತ್ತುವ ಕುಯೆಸ್ತಾ ದೆ ಗೊಮೆರೆಸ್ ಎಂಬ ಏರುಬೀದಿ ಗಿಟಾರ್ ಮಾಡುವವರಿಗೇ ಹೆಸರಾದದ್ದು. ಒಬ್ಬರೇ ಕೂತು ಕೈಯಲ್ಲಿ ಮಾಡಿದರೆ ವರ್ಷಕ್ಕೆ ಆಗುವುದು ಹತ್ತಿಪ್ಪತ್ತು ಗಿಟಾರ್ ಅಷ್ಟೇ. ಮರ ಕೊಂಡು ವರ್ಷಗಟ್ಟಲೆ ಒಣಗಿಸಿಡುವ ದುಡ್ಡು, ಬಾಡಿಗೆ, ಊಟ ಎಲ್ಲವೂ ಆ ಹತ್ತಿಪ್ಪತ್ತರಲ್ಲೇ ಹುಟ್ಟಬೇಕು. ಲಕ್ಷಗಳ ಬೆಲೆ ಯಾಕೆ ಎನ್ನುವುದಕ್ಕೆ ಇದೂ ಒಂದು ಉತ್ತರ.

ಕೊಳ್ಳುವಾಗ, ಇಟ್ಟುಕೊಳ್ಳುವಾಗ

ಕಲಿಯುವ ಮಕ್ಕಳಿಗೆ ಅಷ್ಟು ಬೆಲೆಯದ್ದು ಬೇಡ. ಆದರೆ ಒಂದು ವಿಷಯ ನೋಡಿ ಕೊಳ್ಳಬಹುದು. ಅಗ್ಗದ ಗಿಟಾರ್‌ಗಳ ಮೇಲು ಹಲಗೆ ಪ್ಲೈವುಡ್. ಸ್ವಲ್ಪ ಮೇಲಿನ ಬೆಲೆಯದ್ದರಲ್ಲಿ ಅದು ಅಸಲಿ ಮರ, ಬೆನ್ನು ಪಕ್ಕಗಳು ಮಾತ್ರ ಪ್ಲೈವುಡ್ ಇರಬಹುದು. ದುಂಡು ಬಾಯಿಯ ಅಂಚನ್ನು ಬೆಳಕಲ್ಲಿ ನೋಡಿ. ಮೇಲೆ ಕಾಣುವ ಗೆರೆಗಳು ಹಲಗೆಯ ದಪ್ಪದಲ್ಲೂ ಹಾಗೇ ಕೆಳಗಿಳಿದರೆ ಅಸಲಿ ಮರ. ಪದರ ಪದರ ಕಂಡರೆ ಪ್ಲೈವುಡ್. ಇರುವ ದುಡ್ಡಿನಲ್ಲಿ ಮೇಲು ಹಲಗೆ ಅಸಲಿ ಇರುವುದನ್ನು ಆರಿಸಿಕೊಂಡರೆ ಸಾಕು. ತೊರ್ರೆಸ್ ರಟ್ಟಿನ ಗಿಟಾರ್ ಮಾಡಿ ತೋರಿಸಿದ್ದೂ ಅದನ್ನೇ.

ಅಸಲಿ ಮರ ಹವೆಗೆ ಸ್ಪಂದಿಸುತ್ತದೆ. ಕುಶಲಕರ್ಮಿಗಳು ಕಾರ್ಯಾಗಾರದಲ್ಲಿ ತೇವಾಂಶವನ್ನು ಶೇ. 50ರ ಆಸುಪಾಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಮಂಗಳೂರಿನ ಮಳೆಗಾಲಕ್ಕೆ ಹಲಗೆ ಉಬ್ಬುತ್ತದೆ, ತಂತಿ ಎತ್ತರವಾಗಿ ಒತ್ತಲು ಕಷ್ಟವಾಗುತ್ತದೆ. ಕಲಬುರಗಿಯ ಏಪ್ರಿಲ್‌ಗೆ ಅದೇ ಹಲಗೆ ಸೆಟೆದು ಬಿರುಕು ಬಿಡಬಹುದು. ನುಡಿಸದಿದ್ದಾಗ ಪೆಟ್ಟಿಗೆಯಲ್ಲಿ ಮುಚ್ಚಿಡಿ. ಒಣ ಊರಿನಲ್ಲಿ ಬೇಸಿಗೆಗೆ ಪೆಟ್ಟಿಗೆಯೊಳಗೆ, ಮರಕ್ಕೆ ತಾಗದ ಹಾಗೆ, ಹಿಂಡಿದ ಒದ್ದೆ ಸ್ಪಂಜನ್ನು ತೂತಿರುವ ಸಣ್ಣ ಡಬ್ಬಿಯಲ್ಲಿ ಇಡಬಹುದು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಲೇಬೇಡಿ. ಮರವಜ್ರ ಬಿಸಿಗೆ ಬಿಟ್ಟುಕೊಳ್ಳುತ್ತದೆ.

ಇನ್ನೊಂದು ಮಾತು. ನೈಲಾನ್ ತಂತಿಯ ಗಿಟಾರಿಗೆ ದನಿ ಜಾಸ್ತಿ ಬರಲಿ ಅಂತ ಉಕ್ಕಿನ ತಂತಿ ಹಾಕುವವರಿದ್ದಾರೆ. ಉಕ್ಕಿನ ತಂತಿಗಳ ಎಳೆತ 70 ಕೆ.ಜಿ. ದಾಟುತ್ತದೆ. 40 ಕೆ.ಜಿ.ಗೆಂದು ಕೆತ್ತಿದ ಹಲಗೆ ಅದನ್ನು ತಡೆಯುವುದಿಲ್ಲ. ಮೊದಲು ಕುದುರೆ ಕಿತ್ತು ಬರುತ್ತದೆ, ಜೊತೆಗೆ ಹಲಗೆಯ ಒಂದಿಷ್ಟು ಎಳೆಯನ್ನೂ ಕಿತ್ತುಕೊಂಡು ಬರುತ್ತದೆ. ತಂತಿ ಕೊಳ್ಳುವಾಗ ಕ್ಲಾಸಿಕಲ್ ಗಿಟಾರಿನ ನೈಲಾನ್ ತಂತಿ ಎಂದು ಬಿಡಿಸಿ ಕೇಳಿ.